ಹೊಲದ ಮೇಲೆ ಹಾಯುವ ತಂತಿ: ಅಧಿಕ ಒತ್ತಡದ ವಿದ್ಯುತ್ ಮಾರ್ಗಗಳ ನಿಯಮಗಳು ಮತ್ತು ಗ್ರಾಮ ಪಂಚಾಯಿತಿ

(ಉಚ್ಚಂಗಿದುರ್ಗದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ. ಎಲ್ಲ ಗ್ರಾಮ ಪಂಚಾಯಿತಿಗಳ ಸದಸ್ಯರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ಒಂದು ಬೆಳಿಗ್ಗೆ ಹೊಲದ ಬದುವಿನಲ್ಲಿ ಕೆಂಪು ಬಣ್ಣ ಬಳಿದ ಗೂಟವೊಂದು ಕಾಣಿಸಿಕೊಳ್ಳುತ್ತದೆ. ಅಳತೆಯ ಉಪಕರಣ ಹಿಡಿದ ಇಬ್ಬರು ಮೂವರು ಬಂದು ಹೋದರೆಂದು ಪಕ್ಕದ ಹೊಲದವರು ಹೇಳುತ್ತಾರೆ. ಯಾಕೆಂದು ಕೇಳಿದವರಿಗೆ ‘ಬರೀ ಸರ್ವೆ’ ಎಂಬ ಉತ್ತರ ದೊರೆತಿರುತ್ತದೆ. ಗೂಟ ಮರೆತೇ ಹೋಗುತ್ತದೆ. ಎತ್ತಿನ ಕಾಲಿಗೆ ಸಿಕ್ಕಿ ಬಿದ್ದರೆ ಯಾರೂ ಮತ್ತೆ ನೆಡುವುದಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಅದೇ ಜಾಗಕ್ಕೆ ಜೆಸಿಬಿ ಬಂದು ನಾಲ್ಕು ಗುಂಡಿ ತೋಡುತ್ತದೆ. ರೈತನು ಪಂಚಾಯಿತಿ ಕಚೇರಿಗೆ ಓಡಿ ಬರುವುದು ಆ ದಿನ. ಆದರೆ ಪಂಚಾಯಿತಿಯಿಂದ ಏನಾದರೂ ಆಗಬಹುದಾಗಿದ್ದ ಕಾಲವು ಗೂಟ ಬಿದ್ದ ದಿನಕ್ಕೂ ಗುಂಡಿ ತೋಡಿದ ದಿನಕ್ಕೂ ನಡುವೆ ಮುಗಿದು ಹೋಗಿರುತ್ತದೆ. ಇಂದಿನ ಉಪನ್ಯಾಸದ ವಿಷಯ ಆ ನಡುವಿನ ಕಾಲ.

ಉಚ್ಚಂಗಿದುರ್ಗದ ಬೆಟ್ಟ ಹತ್ತಿ ನಿಂತವರಿಗೆ ಈ ಸೀಮೆಯ ಭೂಮಿ ಒಂದೇ ನೋಟಕ್ಕೆ ಕಾಣುತ್ತದೆ: ಮೆಕ್ಕೆಜೋಳ, ಜೋಳ, ರಾಗಿ, ಶೇಂಗಾ ಬೆಳೆಯುವ ಮಳೆಯಾಶ್ರಿತ ಹೊಲಗಳು, ಅಲ್ಲಲ್ಲಿ ಕೊಳವೆಬಾವಿಯನ್ನು ನಂಬಿದ ತೋಟಗಳು. ಚಿತ್ರದುರ್ಗ, ಜಗಳೂರು, ಹರಪನಹಳ್ಳಿ ಸೀಮೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಎದ್ದಿವೆ. ಗುಡ್ಡದ ಮೇಲೆ ತಯಾರಾದ ವಿದ್ಯುತ್ತು ಗುಡ್ಡದಲ್ಲಿಯೇ ಉಳಿಯುವುದಿಲ್ಲ. ಅದನ್ನು ಉಪಕೇಂದ್ರಕ್ಕೆ ಸಾಗಿಸುವ ತಂತಿಯು ಯಾರದೋ ಹೊಲದ ಮೇಲೆಯೇ ಹಾಯಬೇಕು. ಪವನ ವಿದ್ಯುತ್ತು, ಸೌರ ವಿದ್ಯುತ್ತು ಹೆಚ್ಚಿದಷ್ಟೂ ಇಂತಹ ಮಾರ್ಗಗಳು ಹೆಚ್ಚುತ್ತವೆ. ಈ ಕಾರಣದಿಂದ ಇಂದು ತಂತಿ ಹಾಯದ ಗ್ರಾಮದ ಸದಸ್ಯರಿಗೂ ಈ ವಿಷಯ ಅನ್ಯವಲ್ಲ.

ಹೊಲಗಳ ಮೇಲೆ ತಂತಿ ಎಳೆಯುವುದು ಕರ್ನಾಟಕಕ್ಕೆ ಹೊಸತೂ ಅಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಸಾಗಿಸಿದಾಗ ಅದು ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಪ್ರಸರಣ ಮಾರ್ಗಗಳಲ್ಲಿ ಒಂದಾಗಿತ್ತು. ಈ ಸಾಧನೆಯನ್ನು ನಾಡು ಹೆಮ್ಮೆಯಿಂದ ನೆನೆಯುತ್ತದೆ. ಆ ತಂತಿಯ ಅಡಿಯಲ್ಲಿ ಉಳುತ್ತಿದ್ದವರನ್ನು ನೆನೆದವರು ಕಡಿಮೆ.

ಮೊದಲಿಗೆ ತಂತಿಗಳಲ್ಲಿ ಇರುವ ಭೇದವನ್ನು ಗುರುತಿಸಬೇಕು. ಗ್ರಾಮಕ್ಕೆ ಬೆಳಕು ಕೊಡುವ, ಪಂಪ್‌ಸೆಟ್ಟಿಗೆ ಬರುವ 11 ಕಿಲೋವೋಲ್ಟ್ ಮಾರ್ಗ ಬೇರೆ. 66, 110, 220, 400 ಕಿಲೋವೋಲ್ಟಿನ ಪ್ರಸರಣ ಮಾರ್ಗ ಬೇರೆ. ಮೊದಲನೆಯದು ಕಂಬದ ಮೇಲೆ ನಿಲ್ಲುತ್ತದೆ ಮತ್ತು ವಿತರಣಾ ಕಂಪನಿಗೆ ಸೇರಿರುತ್ತದೆ. ಎರಡನೆಯದು ಸಾಮಾನ್ಯವಾಗಿ ನಾಲ್ಕು ಕಾಲಿನ ಉಕ್ಕಿನ ಗೋಪುರಗಳ ಮೇಲೆ ನಿಲ್ಲುತ್ತದೆ. ಅದು ಕರ್ನಾಟಕ ವಿದ್ಯುತ್ ಪ್ರಸರಣ ನಿಗಮಕ್ಕಾಗಲಿ, ಪವರ್‌ಗ್ರಿಡ್ ನಿಗಮಕ್ಕಾಗಲಿ, ಪರವಾನಗಿ ಪಡೆದ ಖಾಸಗಿ ಪ್ರಸರಣ ಸಂಸ್ಥೆಗಾಗಲಿ, ತನ್ನ ವಿದ್ಯುತ್ತನ್ನು ಹೊರಕ್ಕೆ ಸಾಗಿಸುವ ಗಾಳಿ ವಿದ್ಯುತ್ ಕಂಪನಿಗಾಗಲಿ ಸೇರಿರಬಹುದು. ಗೋಪುರಕ್ಕೆ ಹಾಕಿದ ಅಪಾಯದ ಫಲಕದಲ್ಲಿ ವೋಲ್ಟೇಜ್ ಬರೆದಿರುತ್ತದೆ. ಫಲಕ ಮಾಸಿ ಹೋಗಿದ್ದರೆ ತಂತಿಯನ್ನು ಹಿಡಿದ ಪಿಂಗಾಣಿ ಅಥವಾ ಗಾಜಿನ ಬಿಲ್ಲೆಗಳ ಸಾಲನ್ನು ಎಣಿಸಬಹುದು: 66 ಕಿಲೋವೋಲ್ಟಿಗೆ ಸುಮಾರು ಐದು, 220ಕ್ಕೆ ಸುಮಾರು ಹದಿನಾಲ್ಕು, 400ಕ್ಕೆ ಇಪ್ಪತ್ತಮೂರರ ಆಸುಪಾಸು. ಯಾವ ಮಾರ್ಗವೆಂದು ತಿಳಿಯದೆ ಬರೆದ ಅರ್ಜಿ ತಪ್ಪು ಕಚೇರಿಗೆ ಹೋಗಿ ಅಲ್ಲಿಯೇ ಕೊಳೆಯುತ್ತದೆ.

ಕಾನೂನು ಇಲ್ಲಿ ಎರಡು ದಾರಿಗಳಲ್ಲಿ ಸಾಗುತ್ತದೆ. ಸಂವಿಧಾನದಲ್ಲಿ ವಿದ್ಯುಚ್ಛಕ್ತಿಯು ಸಮವರ್ತಿ ಪಟ್ಟಿಯ ವಿಷಯವಾದುದರಿಂದ ಕೇಂದ್ರದ 2003ರ ವಿದ್ಯುಚ್ಛಕ್ತಿ ಅಧಿನಿಯಮವೇ ಮೂಲ. ರಾಜ್ಯದೊಳಗಿನ ಮಾರ್ಗಗಳಿಗೆ ಅದರ ಅಡಿಯಲ್ಲಿ ರಾಜ್ಯ ಸರ್ಕಾರವು ಅಧಿಕಾರ ನಡೆಸುತ್ತದೆ. 68ನೆಯ ಕಲಮಿನಂತೆ ಮೇಲ್ತಂತಿ ಮಾರ್ಗವನ್ನು ಸರ್ಕಾರದ ಪೂರ್ವಾನುಮೋದನೆಯಿಂದಲೇ ಎಳೆಯಬೇಕು. ಅನುಮೋದನೆ ದೊರೆತ ಮಾತ್ರಕ್ಕೆ ಖಾಸಗಿ ಹೊಲವನ್ನು ಪ್ರವೇಶಿಸುವ ಹಕ್ಕು ದೊರೆಯುವುದಿಲ್ಲ. ಸಾಧಾರಣ ದಾರಿಯಲ್ಲಿ, ಅಂದರೆ ಕೇಂದ್ರದ 2006ರ ಪರವಾನಗಿದಾರರ ಕಾಮಗಾರಿ ನಿಯಮಗಳಂತೆ, ಮಾಲೀಕನ ಅಥವಾ ಅನುಭೋಗದಾರನ ಒಪ್ಪಿಗೆ ಮೊದಲು ಬೇಕು. ಆತ ಆಕ್ಷೇಪಿಸಿದರೆ ಜಿಲ್ಲಾ ದಂಡಾಧಿಕಾರಿಗಳಾದ ಜಿಲ್ಲಾಧಿಕಾರಿಗಳ ಲಿಖಿತ ಅನುಮತಿ ಬೇಕು, ಮತ್ತು ಪರಿಹಾರವನ್ನು ಅವರೇ ಗೊತ್ತುಪಡಿಸಬೇಕು. ಅಂತಹ ನಿಯಮಗಳು ರಚನೆಯಾಗದ ಕಡೆ 1910ರ ಹಳೆಯ ಕಾಯ್ದೆಯ 12ರಿಂದ 18ರವರೆಗಿನ ಕಲಮುಗಳನ್ನು ಹೊಸ ಅಧಿನಿಯಮವೇ ಉಳಿಸಿಕೊಂಡಿದೆ. ಅವುಗಳ ಧೋರಣೆಯೂ ಇದೇ.

ಎರಡನೆಯ ದಾರಿ 164ನೆಯ ಕಲಮು. ಇದರ ಅಡಿಯಲ್ಲಿ ಸರ್ಕಾರವು ಲಿಖಿತ ಆದೇಶ ಹೊರಡಿಸಿ 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆಯ ಅಧಿಕಾರಗಳನ್ನು ವಿದ್ಯುತ್ ಸಂಸ್ಥೆಗೆ ಕೊಡಬಹುದು. ಹಾಗೆ ಕೊಟ್ಟರೆ ಚಿತ್ರವೇ ಬದಲಾಗುತ್ತದೆ. ಮಾಲೀಕನ ಪೂರ್ವ ಒಪ್ಪಿಗೆಯ ಅಗತ್ಯವಿರುವುದಿಲ್ಲ. ಪವರ್‌ಗ್ರಿಡ್ ಮತ್ತು ಸೆಂಚುರಿ ಟೆಕ್ಸ್‌ಟೈಲ್ಸ್ ನಡುವಿನ ಪ್ರಕರಣದಲ್ಲಿ 2016ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಸ್ಪಷ್ಟಪಡಿಸಿದೆ. ತಂತಿಗಂಬದ ಕಾಲದ ಆ ಕಾಯ್ದೆಯ ಸ್ಥಾನದಲ್ಲಿ 2023ರ ದೂರಸಂಪರ್ಕ ಅಧಿನಿಯಮ ಬಂದಿದ್ದರೂ, ವಿದ್ಯುತ್ ಮಾರ್ಗಗಳ ಮಟ್ಟಿಗೆ ಹಳೆಯ ಕಾಯ್ದೆಯ ಮೂರನೆಯ ಭಾಗವನ್ನು ಉಳಿಸಲಾಗಿದೆ. ತಂತಿ ಸಂದೇಶ ಕಳುಹಿಸುವವರೇ ಇಲ್ಲದ ಕಾಲದಲ್ಲಿ ಅದರ ಕಾನೂನು ಮಾತ್ರ ಹೊಲದಲ್ಲಿ ನಿಂತಿದೆ.

ಇಲ್ಲಿ ಸದಸ್ಯರು ಗಮನಿಸಬೇಕಾದ ಅಂಶವೊಂದಿದೆ. 164ರ ಅಧಿಕಾರ ತಾನಾಗಿ ಯಾವ ಕಂಪನಿಗೂ ಬರುವುದಿಲ್ಲ. ‘ಇದು ಸರ್ಕಾರಿ ಕೆಲಸ, ತಡೆಯುವಂತಿಲ್ಲ’ ಎಂದು ಗುತ್ತಿಗೆದಾರನ ಮೇಸ್ತ್ರಿ ಹೇಳಿದ ಮಾತು ಆದೇಶವಲ್ಲ. ಆದೇಶಕ್ಕೆ ಸಂಖ್ಯೆ, ದಿನಾಂಕ, ಷರತ್ತುಗಳು ಇರುತ್ತವೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಮೂಲಕ ಸಂಸ್ಥೆಗೆ ಒಂದು ಪುಟದ ಪತ್ರ ಬರೆದು 68ರ ಅನುಮೋದನೆಯ ಪ್ರತಿ, 164ರ ಆದೇಶವಿದ್ದರೆ ಅದರ ಪ್ರತಿ, ಗ್ರಾಮದ ಸರ್ವೆ ನಂಬರುಗಳನ್ನು ತೋರಿಸುವ ಮಾರ್ಗದ ನಕ್ಷೆ, ಈ ಮೂರನ್ನು ಕೇಳುವುದು ಮೊದಲ ಕೆಲಸ. ಉತ್ತರ ಬಾರದಿದ್ದರೆ ಅದೇ ಪತ್ರದ ಪ್ರತಿಯನ್ನು ತಹಶೀಲ್ದಾರರಿಗೂ ಜಿಲ್ಲಾಧಿಕಾರಿಗಳಿಗೂ ಕಳುಹಿಸಬೇಕು. ನಿಗಮವು ಸರ್ಕಾರದ್ದಾಗಿದ್ದರೆ ಮಾಹಿತಿ ಹಕ್ಕಿನ ಅರ್ಜಿಯೂ ಇದೆ.

ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ದೊರೆತ ಮೇಲೂ ಸಂಸ್ಥೆಗೆ ಭೂಮಿಯ ಒಡೆತನ ಬರುವುದಿಲ್ಲ. 10ನೆಯ ಕಲಮಿನಂತೆ ಅದಕ್ಕೆ ದೊರೆಯುವುದು ಬಳಕೆಯ ಹಕ್ಕು ಮಾತ್ರ. ಗೋಪುರ ನಿಂತ ನೆಲವೂ ಪಹಣಿಯಲ್ಲಿ ರೈತನ ಹೆಸರಿನಲ್ಲಿಯೇ ಉಳಿಯುತ್ತದೆ. ಆದಷ್ಟು ಕಡಿಮೆ ಹಾನಿ ಮಾಡಬೇಕು, ಆದ ಹಾನಿಗೆ ಪೂರ್ಣ ಪರಿಹಾರ ಕೊಡಬೇಕು ಎಂದು ಅದೇ ಕಲಮು ಹೇಳುತ್ತದೆ. ಪರಿಹಾರವು ‘ಹಿತಾಸಕ್ತಿಯುಳ್ಳ ಎಲ್ಲ ವ್ಯಕ್ತಿಗಳಿಗೆ’ ಸಲ್ಲಬೇಕೆಂಬ ಮಾತಿನ ತೂಕವನ್ನು ಸದಸ್ಯರು ಅರಿಯಬೇಕು. ಖಾತೆದಾರ ಒಬ್ಬನೇ ಅಲ್ಲ. ಕೋರಿಗೆ ಮಾಡಿ ಬೆಳೆದವನ ಬೆಳೆ ತುಳಿದು ಹೋದರೆ ಆ ನಷ್ಟ ಅವನದು. ಖಾತೆ ಇನ್ನೂ ತೀರಿಹೋದ ಗಂಡನ ಹೆಸರಿನಲ್ಲಿಯೇ ಉಳಿದಿರುವ ವಿಧವೆಯ ಹೊಲದಲ್ಲಿ ನಷ್ಟ ಆಕೆಯದು. ಪೌತಿ ಖಾತೆ ಆಗಿಲ್ಲವೆಂಬ ಒಂದೇ ಕಾರಣಕ್ಕೆ ಇಂತಹವರ ಹೆಸರು ಪಟ್ಟಿಯಿಂದ ಬಿಟ್ಟು ಹೋಗುತ್ತದೆ. ಅದನ್ನು ಮೊದಲು ಗುರುತಿಸಬಲ್ಲವರು ಆ ವಾರ್ಡಿನ ಸದಸ್ಯರು. ಹಕ್ಕುದಾರರಲ್ಲಿಯೇ ಹಂಚಿಕೆಯ ತಗಾದೆ ಎದ್ದರೆ ಸಂಸ್ಥೆಯು ಹಣವನ್ನು ಜಿಲ್ಲಾ ನ್ಯಾಯಾಲಯದಲ್ಲಿ ಠೇವಣಿ ಇಡಲು 16ನೆಯ ಕಲಮು ಅವಕಾಶ ಕೊಟ್ಟಿದೆ. ತಗಾದೆ ಇದೆಯೆಂದು ಹಣವನ್ನೇ ತಡೆಯುವುದು ಸರಿಯಲ್ಲ.

ಅದೇ 16ನೆಯ ಕಲಮು ಎರಡು ಅಲಗಿನದು. ಮಾಲೀಕನು ಅಡ್ಡಿಪಡಿಸಿದರೆ ಜಿಲ್ಲಾ ದಂಡಾಧಿಕಾರಿಗಳು ಕಾಮಗಾರಿಗೆ ಅನುಮತಿ ನೀಡಿ ಆದೇಶ ಮಾಡಬಹುದು. ಆ ಬಳಿಕವೂ ತಡೆದರೆ ಅದು ಶಿಕ್ಷಾರ್ಹ ಅಪರಾಧ. ಆದುದರಿಂದ ಗುಂಡಿಗೆ ಅಡ್ಡ ಮಲಗುವಂತೆ ಜನರನ್ನು ಹುರಿದುಂಬಿಸುವ ಸದಸ್ಯರು ಅವರಿಗೆ ಉಪಕಾರ ಮಾಡುವುದಿಲ್ಲ. ಪರಿಹಾರ ಸಾಲದೆನಿಸಿದವರು ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಸಲ್ಲಿಸಬಹುದು. ಆ ಕಲಮಿನ ಅಡಿಯಲ್ಲಿ ಅವರ ತೀರ್ಮಾನವೇ ಅಂತಿಮ. ಕೇರಳದ ವಿದ್ಯುತ್ ಮಂಡಳಿ ಮತ್ತು ಲಿವಿಷಾ ಪ್ರಕರಣದಲ್ಲಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯವು ಯಾವುದನ್ನು ತೂಗಿ ನೋಡಬೇಕೆಂದು ತಿಳಿಸಿದೆ: ಭೂಮಿ ಇರುವ ಸ್ಥಳ, ಮಾರ್ಗಗಳ ನಡುವಿನ ದೂರ, ತಂತಿಯು ಹೊಲದ ಅಂಚಿನಲ್ಲಿ ಹಾದಿದೆಯೇ ನಟ್ಟನಡುವೆ ಹಾದಿದೆಯೇ ಎಂಬುದು. ಎರಡು ಎಕರೆಯವನ ಹೊಲವನ್ನು ಮೂಲೆಯಿಂದ ಮೂಲೆಗೆ ಸೀಳಿದ ತಂತಿಯೂ ಇಪ್ಪತ್ತು ಎಕರೆಯವನ ಬದುವಿನ ಮೇಲಿನ ತಂತಿಯೂ ನ್ಯಾಯದ ಕಣ್ಣಿನಲ್ಲಿ ಒಂದೇ ಅಲ್ಲ.

ಇನ್ನು ಹಣದ ಲೆಕ್ಕ. ಪಂಚಾಯಿತಿ ಕಟ್ಟೆಯ ಮೇಲೆ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ಗೋಪುರ ನಿಂತ ಹೊಲದವನಿಗೆ ಮಾತ್ರ ದುಡ್ಡು, ತಂತಿ ಮೇಲೆ ಹಾದು ಹೋದವನಿಗೆ ಏನೂ ಇಲ್ಲ ಎಂಬುದು ಹಳೆಯ ನಂಬಿಕೆ. ಕೇಂದ್ರ ವಿದ್ಯುತ್ ಸಚಿವಾಲಯದ 15-10-2015ರ ಮಾರ್ಗಸೂಚಿಯು 66 ಕಿಲೋವೋಲ್ಟ್ ಮತ್ತು ಮೇಲಿನ ಮಾರ್ಗಗಳಲ್ಲಿ ಗೋಪುರದ ತಳಕ್ಕೆ ಭೂಮಿಯ ಮೌಲ್ಯದ ಶೇ. 85, ತಂತಿಯ ಅಡಿಯ ಪಟ್ಟಿಗೆ ಗರಿಷ್ಠ ಶೇ. 15 ಎಂದು ಸೂಚಿಸಿತ್ತು. 14-06-2024ರ ಮಾರ್ಗಸೂಚಿ ಇದನ್ನು ಗೋಪುರದ ತಳಕ್ಕೆ ಶೇ. 200, ಪಟ್ಟಿಗೆ ಶೇ. 30 ಎಂದು ಏರಿಸಿತು. ತಳವೆಂದರೆ ನಾಲ್ಕು ಕಾಲುಗಳ ನಡುವಿನ ಜಾಗವಷ್ಟೇ ಅಲ್ಲ, ಪ್ರತಿ ಬದಿಗೂ ಇನ್ನೊಂದು ಮೀಟರ್ ಸೇರಿಸಿದ ಜಾಗ. 2025ರ ಮಾರ್ಚ್ 21ರ ಪೂರಕ ಮಾರ್ಗಸೂಚಿಯು ಮಾರುಕಟ್ಟೆ ದರ ನಿಗದಿಗೆ ಸಮಿತಿಯೊಂದನ್ನು ಸೂಚಿಸಿ, ಪಟ್ಟಿಯ ಪರಿಹಾರವನ್ನು ಗ್ರಾಮಾಂತರದಲ್ಲಿ ಶೇ. 30, ಪುರಸಭೆ ಮುಂತಾದ ನಗರ ಪ್ರದೇಶದಲ್ಲಿ ಶೇ. 45, ಮಹಾನಗರಗಳಲ್ಲಿ ಶೇ. 60 ಎಂದು ಇಟ್ಟಿದೆ. ಇವು ರಾಜ್ಯಗಳು ಅಳವಡಿಸಿಕೊಳ್ಳಬೇಕಾದ ಮಾರ್ಗಸೂಚಿಗಳು. ತಮ್ಮ ಗ್ರಾಮದ ಮಾರ್ಗಕ್ಕೆ ಯಾವ ಆದೇಶ ಅನ್ವಯವಾಗುತ್ತದೆಂಬುದನ್ನು ಜಿಲ್ಲಾಧಿಕಾರಿಗಳ ಕಚೇರಿಯಿಂದ ಬರಹದಲ್ಲಿ ಪಡೆದುಕೊಳ್ಳುವುದು ಒಳಿತು.

ಲೆಕ್ಕವನ್ನು ಒಮ್ಮೆ ಮಾಡಿ ನೋಡಿದರೆ ವಿಷಯ ತಿಳಿಯುತ್ತದೆ. ಒಂದು ಎಕರೆಗೆ 10 ಲಕ್ಷ ರೂಪಾಯಿ ಮೌಲ್ಯದ ಹೊಲವೊಂದರ ಮೇಲೆ 220 ಕಿಲೋವೋಲ್ಟ್ ಮಾರ್ಗವು 200 ಮೀಟರ್ ಉದ್ದಕ್ಕೆ ಹಾಯುತ್ತದೆಂದು ಇಟ್ಟುಕೊಳ್ಳೋಣ. ಈ ವೋಲ್ಟೇಜಿಗೆ ಪಟ್ಟಿಯ ಅಗಲ ರೂಢಿಯಲ್ಲಿ 35 ಮೀಟರ್. ಅಲ್ಲಿಗೆ ಪಟ್ಟಿಯ ವಿಸ್ತೀರ್ಣ 7,000 ಚದರ ಮೀಟರ್, ಅಂದರೆ ಒಂದು ಎಕರೆ 29 ಗುಂಟೆ. ಶೇ. 30ರಂತೆ ಪರಿಹಾರ ಸುಮಾರು 5 ಲಕ್ಷ 19 ಸಾವಿರ ರೂಪಾಯಿ. ಅದೇ ಹೊಲದಲ್ಲಿ ಗೋಪುರವೂ ನಿಂತು ಅದರ ತಳ 10 ಮೀಟರ್ ಚೌಕವಾದರೆ ವಿಸ್ತೀರ್ಣ ಹೆಚ್ಚುಕಡಿಮೆ ಒಂದು ಗುಂಟೆ, ಶೇ. 200ರಂತೆ ಅದರ ಪರಿಹಾರ ಸುಮಾರು 50 ಸಾವಿರ. ಎಲ್ಲರ ಕಣ್ಣು ಗೋಪುರದ ಮೇಲೆ ನೆಟ್ಟಿರುತ್ತದೆ; ದೊಡ್ಡ ಮೊತ್ತ ಇರುವುದು ತಂತಿಯ ನೆರಳಿನಲ್ಲಿ. ಗೋಪುರವಿಲ್ಲದ ಹೊಲದವರ ಹೆಸರು ಪಟ್ಟಿಯಲ್ಲಿ ಬಿಟ್ಟು ಹೋದರೆ ಎಷ್ಟು ಹೋಯಿತೆಂಬುದನ್ನು ಈ ಲೆಕ್ಕವೇ ಹೇಳುತ್ತದೆ. ಬೆಳೆ ಮತ್ತು ಮರಗಳ ಪರಿಹಾರ ಇದರಿಂದ ಬೇರೆ. ಅದೂ ಒಮ್ಮೆಗೆ ಮುಗಿಯುವುದಿಲ್ಲ. ಅಡಿಪಾಯ ಹಾಕುವಾಗ, ಗೋಪುರ ನಿಲ್ಲಿಸುವಾಗ, ತಂತಿ ಎಳೆಯುವಾಗ ಮೂರು ಸಲವೂ ಹೊಲ ತುಳಿತಕ್ಕೆ ಸಿಕ್ಕುತ್ತದೆ. ಮೂರು ಸಲವೂ ಮಹಜರು ಆಗಬೇಕು.

ಪಟ್ಟಿಯ ಅಗಲವು ವೋಲ್ಟೇಜಿನೊಂದಿಗೆ ಬೆಳೆಯುತ್ತದೆ: 66 ಕಿಲೋವೋಲ್ಟಿಗೆ 18 ಮೀಟರ್, 110ಕ್ಕೆ 22, 220ಕ್ಕೆ 35, 400ಕ್ಕೆ 46. ಈ ಪಟ್ಟಿಯೊಳಗೆ ಉಳಬಹುದು, ಬಿತ್ತಬಹುದು. ಮನೆ, ಕೋಳಿ ಫಾರಂ, ಗೋದಾಮು ಕಟ್ಟುವಂತಿಲ್ಲ. ತೆಂಗು, ತೇಗದಂತಹ ಎತ್ತರದ ಮರ ಬೆಳೆಸುವಂತಿಲ್ಲ. ಆದುದರಿಂದ ಒಣ ಹೊಲಕ್ಕೂ ತೆಂಗಿನ ತೋಟಕ್ಕೂ ಆಗುವ ನಷ್ಟ ಬೇರೆ ಬೇರೆ. ಉಡುಪಿ–ಕಾಸರಗೋಡು 400 ಕಿಲೋವೋಲ್ಟ್ ಮಾರ್ಗಕ್ಕೆ ಕರಾವಳಿಯ ಅಡಿಕೆ, ತೆಂಗು ಬೆಳೆಗಾರರು ಅಷ್ಟು ತೀವ್ರವಾಗಿ ಆಕ್ಷೇಪಿಸಿದ್ದು ಈ ಕಾರಣಕ್ಕೆ. ಮೈಸೂರು–ಕೋಯಿಕ್ಕೋಡ್ ಮಾರ್ಗಕ್ಕಾಗಿ ಕೊಡಗಿನಲ್ಲಿ ಸಾವಿರಾರು ಮರಗಳು ಉರುಳಿದಾಗ ನಾಡಿನ ಗಮನ ಅತ್ತ ಹರಿಯಿತು. ಬಯಲುಸೀಮೆಯ ಹೊಲದಲ್ಲಿ ಕಡಿದ ಎರಡು ಹುಣಸೆ, ನಾಲ್ಕು ಬೇವಿನ ಮರಗಳಿಗೆ ಪತ್ರಿಕೆಗಳಲ್ಲಿ ಜಾಗ ಸಿಗುವುದಿಲ್ಲ. ಆದರೆ ಬದುವಿನ ಹುಣಸೆ ಮರವೊಂದು ಈ ಸೀಮೆಯ ಸಂಸಾರಕ್ಕೆ ಪ್ರತಿ ವರ್ಷದ ಆದಾಯ. ಮಾರ್ಗ ಬರುವ ಮುನ್ನವೇ ಇದ್ದ ಮರಕ್ಕೆ ಪರಿಹಾರ ಸಲ್ಲಬೇಕೆಂದು 68ನೆಯ ಕಲಮೇ ಹೇಳುತ್ತದೆ. ಮುನ್ನ ಇತ್ತೆಂಬುದಕ್ಕೆ ದಾಖಲೆ ಬೇಕು.

ಮಾರ್ಗವನ್ನು ಯಾರು, ಹೇಗೆ ಆರಿಸುತ್ತಾರೆ? ಎಂಜಿನಿಯರು ಎರಡು ಉಪಕೇಂದ್ರಗಳ ನಡುವೆ ಆದಷ್ಟು ನೇರ ಗೆರೆಯನ್ನು ಬಯಸುತ್ತಾನೆ. ಗೆರೆ ನೇರವಾಗಿದ್ದಲ್ಲಿ ಹಗುರವಾದ ಗೋಪುರ ಸಾಕು. ಗೆರೆ ತಿರುಗುವಲ್ಲಿ ತಂತಿಯ ಎಳೆತವನ್ನು ತಡೆಯಬಲ್ಲ ಭಾರವಾದ ಕೋನ ಗೋಪುರ ಬೇಕು. ಅದಕ್ಕೆ ಉಕ್ಕೂ ಕಾಂಕ್ರೀಟೂ ಹೆಚ್ಚು. 220 ಕಿಲೋವೋಲ್ಟ್ ಮಾರ್ಗದಲ್ಲಿ ಗೋಪುರದಿಂದ ಗೋಪುರಕ್ಕೆ ಸುಮಾರು 350 ಮೀಟರ್ ಅಂತರ. ಕಾಗದದ ಮೇಲೆ ಇರುವಾಗ ಕೋನದ ಸ್ಥಾನವನ್ನು ಊರಿನ ಆಚೆಗೆ ನೂರು ಮೀಟರ್ ಸರಿಸಿದರೆ ಹೆಚ್ಚಿನ ಖರ್ಚಿಲ್ಲ. ಎರಡು ಪಕ್ಕದ ಅಡಿಪಾಯಗಳು ಬಿದ್ದ ಮೇಲೆ ನಡುವಿನ ಗೋಪುರವನ್ನು ಹತ್ತು ಮೀಟರ್ ಬದಿಗೆ ಸರಿಸುವುದೆಂದರೆ ನೇರ ಗೆರೆಯಲ್ಲಿ ಹೊಸ ಕೋನಗಳನ್ನು ಹುಟ್ಟಿಸಿದಂತೆ. ಆಗ ಸಂಸ್ಥೆ ‘ಆಗುವುದಿಲ್ಲ’ ಎನ್ನುವುದು ಹಟದಿಂದಷ್ಟೇ ಅಲ್ಲ.

ಈ ಆಯ್ಕೆಯ ಹಂತದಲ್ಲಿ ಜನರ ಮಾತಿಗೆ ಕಾನೂನು ಕೊಟ್ಟಿರುವ ಸ್ಥಳ ಬಹಳ ಇಕ್ಕಟ್ಟಾದುದು. 2006ರ ಪರಿಸರ ಪ್ರಭಾವ ನಿರ್ಧರಣಾ ಅಧಿಸೂಚನೆಯ ಅನುಸೂಚಿಯಲ್ಲಿ ಪ್ರಸರಣ ಮಾರ್ಗಗಳು ಇಲ್ಲ. ಆದುದರಿಂದ ಗಣಿಗೋ ಕಾರ್ಖಾನೆಗೋ ನಡೆಯುವಂತೆ ಸಾರ್ವಜನಿಕ ಅಹವಾಲು ಸಭೆ ಇವುಗಳಿಗೆ ಕಡ್ಡಾಯವಲ್ಲ. ಇದು ಕಾನೂನಿನಲ್ಲಿರುವ ಕೊರತೆಯೇ ಸರಿ. ಉಳಿದಿರುವುದು ಪ್ರಕಟಣೆಯ ಅವಧಿ. 164ರ ಅಧಿಕಾರ ಬಯಸುವ ಸಂಸ್ಥೆಯು ಮಾರ್ಗ ಹಾಯುವ ಗ್ರಾಮಗಳ ಹೆಸರುಗಳನ್ನು ಪತ್ರಿಕೆಯಲ್ಲಿ, ರಾಜಪತ್ರದಲ್ಲಿ ಪ್ರಕಟಿಸಿ, ಸಾಮಾನ್ಯವಾಗಿ ಎರಡು ತಿಂಗಳೊಳಗೆ ಅಭಿಪ್ರಾಯ, ಆಕ್ಷೇಪ ಕೇಳುತ್ತದೆ. ಇಂತಹ ಪ್ರಕಟಣೆಗಳು ಸಣ್ಣ ಅಕ್ಷರದಲ್ಲಿ ಒಳಪುಟದಲ್ಲಿರುತ್ತವೆ. ಗ್ರಾಮಗಳ ಹೆಸರಿನ ಕಾಗುಣಿತವೂ ಕೆಲವೊಮ್ಮೆ ಗುರುತು ಸಿಗದಂತೆ ಇರುತ್ತದೆ. ಅದನ್ನು ಓದಿದವರು ಗ್ರಾಮದಲ್ಲಿ ಒಬ್ಬರಾದರೂ ಇರಬೇಕು. ಅದು ಕಣ್ಣಿಗೆ ಬಿದ್ದ ದಿನವೇ ಪಂಚಾಯಿತಿಯ ಸೂಚನಾ ಫಲಕಕ್ಕೆ ಹಾಕಿ, ವಾರ್ಡ್ ಸಭೆ, ಗ್ರಾಮ ಸಭೆ ಕರೆದು ನಡಾವಳಿ ಬರೆಯಬೇಕು.

ಆ ನಡಾವಳಿಯಲ್ಲಿ ‘ಈ ಮಾರ್ಗಕ್ಕೆ ಗ್ರಾಮದ ವಿರೋಧವಿದೆ’ ಎಂದು ಒಂದೇ ಸಾಲು ಬರೆದರೆ ಅದು ಕಡತದಲ್ಲಿ ಮಲಗುತ್ತದೆ. ಮಾರ್ಗವನ್ನು ರದ್ದುಪಡಿಸುವ ಅಧಿಕಾರ ಗ್ರಾಮ ಸಭೆಗೆ ಇಲ್ಲ. ಆದರೆ ನೆಲದ ಸತ್ಯ ತಿಳಿದಿರುವುದು ಗ್ರಾಮ ಸಭೆಗೇ. ಉಪಗ್ರಹದ ಚಿತ್ರದಲ್ಲಿ ಬಯಲಾಗಿ ಕಾಣುವ ಜಾಗ ಸ್ಮಶಾನವೆಂದು, ಇನ್ನೊಂದು ಜಾನುವಾರುಗಳ ಏಕೈಕ ಹಾದಿಯೆಂದು, ಮತ್ತೊಂದು ವಸತಿ ಯೋಜನೆಗೆ ಗುರುತಿಸಿದ ನಿವೇಶನವೆಂದು ಎಂಜಿನಿಯರಿಗೆ ಯಾರೂ ಹೇಳಿರುವುದಿಲ್ಲ. ಉಚ್ಚಂಗಿದುರ್ಗವನ್ನೇ ನೋಡಬಹುದು. ಉಚ್ಚಂಗೆಮ್ಮನ ದರ್ಶನಕ್ಕೆ ಹುಣ್ಣಿಮೆಗಳಲ್ಲಿ, ಜಾತ್ರೆಯಲ್ಲಿ ಸೇರುವ ಜನ, ಬಂಡಿ, ಟ್ರ್ಯಾಕ್ಟರ್, ತಾತ್ಕಾಲಿಕ ಅಂಗಡಿಗಳ ಸಾಲು ವರ್ಷದ ಉಳಿದ ದಿನ ಬಂದ ಸರ್ವೆಯವನಿಗೆ ಕಾಣುವುದಿಲ್ಲ. ಆತ ಕಂಡದ್ದು ಖಾಲಿ ಬಯಲು. ಸರ್ವೆ ನಂಬರು, ಹಿಸ್ಸೆ, ಕೊಳವೆಬಾವಿ, ಮರಗಳ ಎಣಿಕೆ, ದಿನಾಂಕ ಕಾಣುವ ಛಾಯಾಚಿತ್ರ, ಇವುಗಳೊಂದಿಗೆ ‘ಮಾರ್ಗವನ್ನು ಇಂತಹ ಸರ್ವೆ ನಂಬರಿನ ಉತ್ತರದ ಬದುವಿಗೆ ಸರಿಸಬೇಕು’ ಎಂದು ಬದಲಿ ದಾರಿಯನ್ನೂ ತೋರಿಸಿದ ನಡಾವಳಿಗೆ ಉತ್ತರ ಕೊಡದೆ ಮುಂದುವರಿಯುವುದು ಕಷ್ಟ. ಬದಲಿ ದಾರಿ ಸೂಚಿಸುವಾಗ ಒಂದು ಎಚ್ಚರವಿರಲಿ. ಬಲಿಷ್ಠರ ತೋಟ ಉಳಿಸಲು ಮಾರ್ಗವನ್ನು ಬಡವರ ಕೇರಿಯ ಕಡೆಗೆ ತಳ್ಳಿದ ನಡಾವಳಿಯೂ ನಡಾವಳಿಯೇ ಆಗಿರುತ್ತದೆ, ಮತ್ತು ಅದರ ಕೆಳಗೆ ಸದಸ್ಯರ ಸಹಿ ಇರುತ್ತದೆ.

ಅರಣ್ಯ, ಸ್ಮಾರಕ, ವನ್ಯಜೀವಿಗಳ ವಿಷಯದಲ್ಲಿ ಬೇರೆ ಕಾನೂನುಗಳು ಬಂದು ಸೇರುತ್ತವೆ. ಅರಣ್ಯ ಭೂಮಿಯಲ್ಲಿ ಗೋಪುರ ನಿಲ್ಲಿಸಲು 1980ರ ಅರಣ್ಯ ಕಾಯ್ದೆಯಡಿ ಅನುಮತಿ ಬೇಕು. ಊರಿಗೆ ಬೇಕಾದ ಸಣ್ಣ ವಿದ್ಯುತ್ ಮಾರ್ಗಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಸಾಕಾದಲ್ಲಿ, 2006ರ ಅರಣ್ಯ ಹಕ್ಕುಗಳ ಕಾಯ್ದೆಯ 3(2)ನೆಯ ಕಲಮು ಗ್ರಾಮ ಸಭೆಯ ಶಿಫಾರಸನ್ನು ಅಗತ್ಯವೆಂದು ಇಟ್ಟಿದೆ. ಕೇಂದ್ರದ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯ, ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕರಡಿಧಾಮ ಈ ಸೀಮೆಯಲ್ಲಿಯೇ ಇವೆ. ಅವುಗಳ ಅಂಚಿನ ಗ್ರಾಮಗಳಲ್ಲಿ ಮಾರ್ಗದ ಪ್ರಶ್ನೆ ಬಂದಾಗ ಅರಣ್ಯ ಇಲಾಖೆಯ ಪತ್ರವನ್ನೂ ಕೇಳಬೇಕು.

ಹರಪನಹಳ್ಳಿ ತಾಲ್ಲೂಕಿಗೆ ಮಾತ್ರ ಸೇರಿದ ತೊಡಕೊಂದಿದೆ. ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಹಳೆಯ ಮಾರ್ಗಗಳ ಪರಿಹಾರದ ಕಡತ ಯಾವ ಜಿಲ್ಲಾ ಕಚೇರಿಯಲ್ಲಿದೆಯೆಂದು ಹುಡುಕುವವರು ಮೊದಲು ಮಾರ್ಗದ ವರ್ಷವನ್ನು ತಿಳಿದುಕೊಳ್ಳಬೇಕು. ಹೊಸಪೇಟೆಯಲ್ಲಿ ಸಿಗದಿದ್ದರೆ ಇಲ್ಲವೆಂದು ಅರ್ಥವಲ್ಲ.

ಹಳೆಯ ಮಾರ್ಗ ಇರುವವರಿಗೆ ಇನ್ನೊಂದು ಸಂಗತಿ. ತಂತಿ ಹಾದ ಜಾಗದಲ್ಲಿ ಕಟ್ಟಡ ಕಟ್ಟುವಂತಹ ಬಳಕೆ ಬೇಕಾದಾಗ ಮಾರ್ಗವನ್ನು ಬದಲಿಸುವಂತೆ ಕೋರುವ ಅವಕಾಶ ಟೆಲಿಗ್ರಾಫ್ ಕಾಯ್ದೆಯ 17ನೆಯ ಕಲಮಿನಲ್ಲಿದೆ. ಹಿಂದೆ ಪರಿಹಾರ ಪಡೆದಿದ್ದವರು ಸ್ಥಳಾಂತರದ ವೆಚ್ಚ ಅಥವಾ ಪಡೆದ ಪರಿಹಾರದ ಅರ್ಧ, ಇವೆರಡರಲ್ಲಿ ಕಡಿಮೆಯಾದುದನ್ನು ಮುಂದಿಡಬೇಕು. ಸಂಸ್ಥೆ ಕಿವಿಗೊಡದಿದ್ದರೆ ಅರ್ಜಿ ಜಿಲ್ಲಾ ದಂಡಾಧಿಕಾರಿಗಳಿಗೆ. 400 ಕಿಲೋವೋಲ್ಟಿನ ಗೋಪುರ ಇದರಿಂದ ಸುಲಭವಾಗಿ ಕದಲುವುದಿಲ್ಲ. ಆದರೂ ಈ ಕಲಮು ಇರುವುದನ್ನೇ ಅರಿಯದೆ ಕೈಚೆಲ್ಲಿದವರು ಅನೇಕರು.

ಇಷ್ಟು ಹೊತ್ತು ಇತರರ ಹೊಣೆಯ ಮಾತಾಯಿತು. ಪಂಚಾಯಿತಿಯ ಹೊಣೆಯೂ ಇದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿ 2010ರಲ್ಲಿ ಬಂದು 2023ರಲ್ಲಿ ಹೊಸದಾಗಿ ರಚನೆಯಾಗಿದೆ. ಅದರ ಧೋರಣೆ ಇಷ್ಟು: ಇರುವ ಕಟ್ಟಡದ ಮೇಲೆ ಆದಷ್ಟು ತಂತಿ ಹಾಯಬಾರದು, ಇರುವ ತಂತಿಯ ಅಡಿಯಲ್ಲಿ ಕಟ್ಟಡ ಕಟ್ಟಲೇಬಾರದು. 11 ಕಿಲೋವೋಲ್ಟ್ ತಂತಿಯಿಂದ ಕಟ್ಟಡಕ್ಕೆ ಅಡ್ಡಲಾಗಿ 1.2 ಮೀಟರ್, 33 ಕಿಲೋವೋಲ್ಟಿಗೆ 2 ಮೀಟರ್, ಅಲ್ಲಿಂದ ಮೇಲೆ ಪ್ರತಿ 33 ಕಿಲೋವೋಲ್ಟಿಗೆ 0.3 ಮೀಟರ್ ಹೆಚ್ಚು ಅಂತರ ಬೇಕು. ಗ್ರಾಮ ಠಾಣೆಯಲ್ಲಿ ಕಟ್ಟಡಕ್ಕೆ ಅನುಮತಿ ಕೊಡುವ ಅಧಿಕಾರ 1993ರ ಪಂಚಾಯತ್ ರಾಜ್ ಅಧಿನಿಯಮದ 64ನೆಯ ಕಲಮಿನಂತೆ ಗ್ರಾಮ ಪಂಚಾಯಿತಿಯದೇ. ಹಾಗಿದ್ದೂ ತಂತಿಯ ಅಡಿಯಲ್ಲಿ ಮನೆಗಳು ಏಳುತ್ತವೆ. ಅಗ್ಗವೆಂದು ತಂತಿಯ ಅಡಿಯ ಜಾಗವನ್ನೇ ನಿವೇಶನಕ್ಕೆ ಆರಿಸಿ ನಿವೇಶನರಹಿತರಿಗೆ ಹಂಚುವುದಕ್ಕೆ ಯಾವ ಕಂಪನಿಯೂ ಹೊಣೆಯಲ್ಲ. ಫಲಾನುಭವಿಯು ಮೊದಲ ಮಹಡಿ ಏರಿಸಿದ ದಿನ ಅಪಾಯ ಅವನ ತಾರಸಿಗೆ ಬಂದು ನಿಲ್ಲುತ್ತದೆ.

ತಂತಿಯ ಕಾಂತಕ್ಷೇತ್ರದಿಂದ ಕಾಯಿಲೆ ಬರುತ್ತದೆಂಬ ಭಯವನ್ನು ಗ್ರಾಮ ಸಭೆಗಳಲ್ಲಿ ಕೇಳುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2002ರಲ್ಲಿ ಇದನ್ನು ‘ಕಾರಣವಾಗಿರಬಹುದು’ ಎಂಬ ದುರ್ಬಲ ವರ್ಗದಲ್ಲಿ ಇರಿಸಿದೆ. ಖಚಿತವಾದ ವರ್ಗದಲ್ಲಿ ಅಲ್ಲ. ಹೊಲದಲ್ಲಿ ಜೀವ ತೆಗೆಯುವುದು ಇದಕ್ಕಿಂತ ಸರಳವಾದ ಸಂಗತಿ. 11 ಕಿಲೋವೋಲ್ಟ್ ತಂತಿಯು ಹೊಲದ ಮೇಲೆ ಇರಬೇಕಾದ ಕನಿಷ್ಠ ಎತ್ತರ 4.6 ಮೀಟರ್. ಕೊಳವೆಬಾವಿಯಿಂದ ಎತ್ತುವ 20 ಅಡಿಯ ಕಬ್ಬಿಣದ ಪೈಪು 6 ಮೀಟರಿಗಿಂತ ಉದ್ದ. ಮೋಟರು ಕೆಟ್ಟಿತೆಂದು ಪೈಪನ್ನು ನಿಲ್ಲಿಸಿ ಎತ್ತಿದವರು ತಂತಿಯನ್ನು ನೋಡಿರುವುದಿಲ್ಲ. 220 ಕಿಲೋವೋಲ್ಟ್ ತಂತಿ 7 ಮೀಟರ್, 400ರದು 8.8 ಮೀಟರ್ ಎತ್ತರದಲ್ಲಿರಬೇಕು. ಆದರೆ ಅವುಗಳ ವಿಷಯದಲ್ಲಿ ಪೈಪು ತಂತಿಗೆ ತಾಗಲೇಬೇಕೆಂದಿಲ್ಲ, ಸಮೀಪಕ್ಕೆ ಬಂದರೂ ಕಿಡಿ ಹಾರುತ್ತದೆ. ಆದುದರಿಂದ ಮಾರ್ಗದ ನಕ್ಷೆ ಬಂದಾಗ ಪಟ್ಟಿಯೊಳಗೆ ಬೀಳುವ ಕೊಳವೆಬಾವಿಗಳನ್ನು ಮೊದಲು ಗುರುತಿಸಬೇಕು. ಬಾವಿಯನ್ನು ಸರಿಸಲಾಗದು, ಗೆರೆಯನ್ನು ಸರಿಸಬಹುದು. ಸರಿಸಲಾಗದಿದ್ದರೆ ಹೊಸ ಬಾವಿಯ ವೆಚ್ಚವನ್ನು ನಷ್ಟದ ಪಟ್ಟಿಯಲ್ಲಿ ಸೇರಿಸುವಂತೆ ನಡಾವಳಿಯಲ್ಲಿಯೇ ಬರೆಯಬೇಕು.

ತಂತಿ ಜೋಲು ಬಿದ್ದಿರುವುದು, ಗೋಪುರದ ಉಕ್ಕಿನ ಪಟ್ಟಿಗಳು ಕಳುವಾಗಿರುವುದು, ಮೇವಿನ ಬಣವೆಯನ್ನು ತಂತಿಯ ಅಡಿಯಲ್ಲಿ ಒಟ್ಟಿರುವುದು ಕಂಡರೆ ವಿತರಣಾ ಮಾರ್ಗವಾದಲ್ಲಿ 1912 ಸಂಖ್ಯೆಗೆ ತಿಳಿಸಬೇಕು. ಪ್ರಸರಣ ಮಾರ್ಗವಾದಲ್ಲಿ ಫಲಕದಲ್ಲಿರುವ ಗೋಪುರದ ಸಂಖ್ಯೆಯನ್ನು ಬರೆದುಕೊಂಡು ಸಂಬಂಧಿಸಿದ ಉಪಕೇಂದ್ರಕ್ಕೆ ತಿಳಿಸಬೇಕು. ತೇರು ಎಳೆಯುವ ಬೀದಿಗೆ ತಂತಿ ಅಡ್ಡ ಬರುವ ಗ್ರಾಮಗಳು ತೇರಿನ ಕಳಸದವರೆಗಿನ ಎತ್ತರವನ್ನು ಅಳೆದು, ವಿದ್ಯುತ್ ನಿಲುಗಡೆ ಕೋರುವ ಪತ್ರವನ್ನು ಜಾತ್ರೆಗೆ ಮೊದಲೇ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು. ಫೋನಿನಲ್ಲಿ ಹೇಳಿದ ಮಾತಿಗೆ ಆ ದಿನ ಲೈನ್‌ಮನ್ ಸಿಗುವುದಿಲ್ಲ.